ಕಸಬರಿಗೆ ನಿಯಮ

ಕಲಬುರಗಿಯ ಬಿಸಿಲಿಗೆ ಯಾರ ವಿಳಾಸವೂ ಬೇಕಿಲ್ಲ, ಅದು ಹೇಳದೆ ಕೇಳದೆ ಎಲ್ಲರ ಮನೆಗೂ ಬರುತ್ತದೆ. ತಂಪಿಗೆ ಮಾತ್ರ ವಿಳಾಸ ಬೇಕು. ಬೇಸಿಗೆ ದೀಪಾವಳಿಯವರೆಗೂ ಎಳೆಯತೊಡಗಿದ ಮೇಲೆ, ಮಧ್ಯಾಹ್ನ ಬೀದಿಯಲ್ಲಿ ಮಲಗಿದ ನಾಯಿ ಸಂಜೆಗೆ ಎದ್ದು ಬರುವುದು ನಿಂತ ಮೇಲೆ, ಊರಿನವರೆಲ್ಲ ತಂಪಂಗಿ ತೊಡುವುದನ್ನು ಕಲಿತರು. ತಂಪಂಗಿ ಎಂದರೆ ಮೈಗೆ ಬಿಗಿಯಾಗಿ ಕೂರುವ ರಬ್ಬರಿನ ಅಂಗಿ. ಒಳಗೆಲ್ಲ ದಾರದಷ್ಟು ಸಣ್ಣ ನಳಿಕೆಗಳು, ಅವುಗಳಲ್ಲಿ ಹರಿಯುವ ತಣ್ಣನೆಯ ದ್ರವ, ಸೊಂಟದ ಹತ್ತಿರ ಅದನ್ನು ತಿರುಗಿಸುವ ಪುಟ್ಟ ಪಂಪು, ಎದೆಯ ಮೇಲೊಂದು ದೀಪ, ಅದರ ಕೆಳಗೆ ಒಡೆಯರ ಹೆಸರು. ಲಾಡಿ ಬೆನ್ನಿನ ಕಡೆ. ಅದನ್ನು ತಾನೇ ಬಿಗಿದುಕೊಳ್ಳಲು ಬಾರದು, ಬಿಚ್ಚಿಕೊಳ್ಳಲೂ ಬಾರದು. ಇನ್ನೊಬ್ಬರು ಕೈ ಹಚ್ಚಲೇಬೇಕು.

ಪಂಪು ತನ್ನಷ್ಟಕ್ಕೆ ತಿರುಗುವುದಿಲ್ಲ. ಮನೆಯ ರೌಟರು ಅಂಗಿಗೊಂದು ವಿಳಾಸ ಕೊಡಬೇಕು, ಆ ವಿಳಾಸ ತಂಪು ಮಂಡಳಿಯ ಗೋಡೆಯಗಲದ ನಕ್ಷೆಯಲ್ಲಿ ಹಸಿರು ಚುಕ್ಕೆಯಾಗಿ ಮೂಡಬೇಕು, ಆಮೇಲೆ ಪಂಪಿಗೆ ಅಪ್ಪಣೆ. ಊರಿಗೆ ಇರುವ ಶಕ್ತಿಯೇ ಇಷ್ಟು ಎಂದು ಮಂಡಳಿ ಒಂದು ಮನೆಗೆ ಐದು ವಿಳಾಸ ಗೊತ್ತು ಮಾಡಿತ್ತು. ನೀವು ಪೇಟೆಗೆ ಹೋದರೂ ಅದೇ ವಿಳಾಸ ಊರ ಗಡಿಯವರೆಗೆ ನಿಮ್ಮ ಬೆನ್ನಿಗಿರುತ್ತದೆ. ವಿಳಾಸ ಹೋಯಿತೋ, ಪಂಪು ನಿಂತಿತು. ಪಂಪು ನಿಂತ ತಂಪಂಗಿಗಿಂತ ಬರಿಮೈಯೇ ವಾಸಿ, ಯಾಕೆಂದರೆ ಆ ರಬ್ಬರಿನೊಳಗೆ ಮನುಷ್ಯ ಜೋಳದ ಕಡಬಿನ ಹಾಗೆ ಬೇಯುತ್ತಾನೆ.

ಈ ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ರಾಚಪ್ಪ ವಿಳಾಸಾಧಿಕಾರಿ. ಕೆಟ್ಟವನೆಂದು ಯಾರೂ ಅವನನ್ನು ಅಂದಿರಲಿಲ್ಲ. ಅವನು ನಿಯಮದ ಮನುಷ್ಯ, ಅಷ್ಟೆ. ಒಂದು ನಿಯಮವನ್ನಂತೂ ಅವನೇ ಹುಟ್ಟಿಸಿದ್ದ. ಮಂದಿ ವಿಳಾಸವನ್ನು ಬೀಡಿಯ ಹಾಗೆ ಕೈಯಿಂದ ಕೈಗೆ ದಾಟಿಸಲು ಶುರುಮಾಡಿದ್ದರು. ಒಬ್ಬನ ಹೆಸರು ಅಳಿಸುವುದು, ಅದೇ ಗಳಿಗೆಯಲ್ಲಿ ಇನ್ನೊಬ್ಬನಿಗೆ ಬರೆಯುವುದು, ಹೀಗೆ ಐದು ವಿಳಾಸದಲ್ಲಿ ಹತ್ತು ಮಂದಿ ಬದುಕುವುದು. ಇದನ್ನು ತಡೆಯುವುದು ಹೇಗೆಂದು ಸಭೆ ಕೂತಾಗ ರಾಚಪ್ಪ ಎದ್ದು ನಿಂತ. "ನಮ್ಮವ್ವ ಒಂದು ಮಾತು ಹೇಳ್ತಾಳ್ರಿ ಸರ್. ಮನಿಂದ ಹ್ವಾದವರ ಹಿಂದಿಂದೇ ಕಸ ಹೊಡಿಬಾರ್ದು. ಹೆಣಾ ಎತ್ತಿದ ಮ್ಯಾಲಷ್ಟೇ ಹಂಗ ಹೊಡಿತಾರ. ಹ್ವಾದವರು ಮುಟ್ಟಿದ ಸುದ್ದಿ ಬರೋತನಕ ಆಕಿ ಕಸಬರಿಗಿ ಮುಟ್ಟಂಗಿಲ್ಲ. ಖಾಲಿಯಾದ ವಿಳಾಸಾನೂ ನಾವು ಹೊತ್ತು ಮುಳಗೋತನಕ ಮುಟ್ಟಬಾರ್ದು."

ಬೆಂಗಳೂರಿನಿಂದ ಬಂದಿದ್ದ ನಿರ್ದೇಶಕರು ಚಪ್ಪಾಳೆ ತಟ್ಟಿದರು. ಖಾಲಿಯಾದ ವಿಳಾಸ ಆ ದಿನದ ಸೂರ್ಯಾಸ್ತದವರೆಗೆ ಯಾರಿಗೂ ಇಲ್ಲ ಎಂದು ಆದೇಶವಾಯಿತು. ತುರ್ತು ಇದ್ದಾಗ ಬಿಡಲು ಒಂದು ಕಿಂಡಿ ಇಡೋಣವೇ ಎಂದು ಯಾರೋ ಕೇಳಿದ್ದಕ್ಕೆ, ಕಿಂಡಿ ಇಟ್ಟರೆ ಮಂದಿ ಬಾಗಿಲು ಮಾಡಿಕೊಳ್ಳುತ್ತಾರೆ ಎಂದವನೂ ರಾಚಪ್ಪನೇ. ಕಚೇರಿಯಲ್ಲೆಲ್ಲ ಅದಕ್ಕೆ ಕಸಬರಿಗೆ ನಿಯಮ ಎಂದೇ ಹೆಸರು ಬಿತ್ತು. ಅವ್ವನಿಗೆ ಹೇಳಿದಾಗ ಅವಳೂ ಹಿಗ್ಗಿದಳು.

ಮನೆಗೆ ಹೊಸ ರೌಟರು ಹಚ್ಚಿದ ದಿನವೇ ಅವನ ಅಕ್ಕ ಈರವ್ವ ಬಂದು ಬಾಗಿಲಲ್ಲಿ ನಿಂತಳು. ಎದೆಯ ದೀಪ ಕೆಂಪಗಿತ್ತು, ಲಾಡಿ ಬಿಚ್ಚಿಹೋಗಿತ್ತು, ತಲೆಯ ಮೇಲೆ ಒದ್ದೆ ಗೋಣಿಚೀಲ. ಗಂಡ ಇನ್ನೊಬ್ಬಳನ್ನು ಕರೆತಂದಿದ್ದ. ಈಗಿನ ಕಾಲದಲ್ಲಿ ಹೆಂಡತಿಯನ್ನು ಹೊರಹಾಕಲು ಹೊಡೆಯುವುದು, ಬೈಯುವುದು, ಪಂಚರನ್ನು ಕೂಡಿಸುವುದು ಯಾವುದೂ ಬೇಡ. ರೌಟರಿನಲ್ಲಿ ಅವಳ ಹೆಸರು ಅಳಿಸಿದರೆ ಸಂಜೆಯೊಳಗೆ ಅವಳೇ ಹೋಗುತ್ತಾಳೆ.

ರಾಚಪ್ಪ ಏಣಿಯ ಮೇಲಿದ್ದ. ಇಳಿದು, ಅಕ್ಕನಿಗೆ ನೀರು ಕೊಡೆಂದು ಹೆಂಡತಿ ಜಗದೇವಿಗೆ ಹೇಳಿ, ಮತ್ತೆ ಹತ್ತಿದ. ಕೆಲಸ ಅರ್ಧಕ್ಕೆ ಬಿಡುವುದು ಅವನಿಗೆ ಆಗಿಬರದು. ಡಬ್ಬಿಯ ಹೊಟ್ಟೆಗೆ ಅಂಟಿಸಿದ್ದ ಪಾಸ್‌ವರ್ಡ್ ನೋಡಿ ಮೊಬೈಲಿನಲ್ಲಿ ರೌಟರಿನ ಪುಟ ತೆರೆದ, ಮೊದಲು ಆ ಪಾಸ್‌ವರ್ಡ್ ಬದಲಿಸಿದ, ಆಮೇಲೆ ವಿಳಾಸಗಳ ಸಾಲು ತೆಗೆದ. ಒಂದನೇ ಸಂಖ್ಯೆ ರೌಟರಿನ ಸ್ವಂತದ್ದು. ಎರಡರಿಂದ ಆರರವರೆಗೆ ಮನೆಯವರದು: ಅವ್ವ ಚಂದಮ್ಮ, ತಾನು, ಜಗದೇವಿ, ಇಬ್ಬರು ಮಕ್ಕಳು. ಒಂದೊಂದು ಅಂಗಿಗೂ ಕಾರ್ಖಾನೆಯಲ್ಲೇ ಹಾಕಿದ ನಂಬರು ಇರುತ್ತದೆ; ರೌಟರಿಗೆ ಗೊತ್ತಿರುವುದು ಆ ನಂಬರು, ಒಳಗಿರುವ ಮೈ ಯಾರದೆಂದು ಅದಕ್ಕೆ ಗೊತ್ತಿಲ್ಲ.

"ಮತ್ತ ಈರವ್ವಗ?" ಎಂದು ಕೆಳಗಿನಿಂದ ಚಂದಮ್ಮ ಕೇಳಿದಳು.

"ಆಕಿ ಅಂಗಿ ಸಾಲಿನಾಗ ನಿಂತಿರ್ತದವ್ವ. ವಿಳಾಸ ಕೊಡು, ವಿಳಾಸ ಕೊಡು ಅಂತ ರೌಟರಿಗಿ ಕೇಳ್ತಾನೇ ಇರ್ತದ. ಯಾವ್ದರ ಖಾಲಿ ಆಯ್ತಂದ್ರ, ಹೊತ್ತು ಮುಳಗಿದ ಮ್ಯಾಲೆ ರೌಟರ್ ತಾನೇ ಆ ಅಂಗಿಗಿ ಕೊಡ್ತದ."

"ಖಾಲಿ ಯಾವಾಗ ಆಗ್ತದೋ ಯಪ್ಪಾ?"

ಅವನು ಮೊಬೈಲು ಜೇಬಿಗಿಟ್ಟು ಏಣಿ ಇಳಿದ.

ಮೊದಮೊದಲು ದೊಡ್ಡ ಮನಸ್ಸು ಮಾಡಿ ಸರದಿ ಹಾಕಿದ. ಮಕ್ಕಳಿಬ್ಬರ ವಿಳಾಸ ಕಾಯಂ. ಉಳಿದ ಮೂರು ವಿಳಾಸ ನಾಲ್ವರು ದೊಡ್ಡವರ ನಡುವೆ ದಿನಕ್ಕೊಬ್ಬರಂತೆ ತಿರುಗುವುದು. ಯಾರ ಸರದಿ ತಪ್ಪಿತೋ ಅವರು ಹಗಲೆಲ್ಲ ಹಗೇವಿನಲ್ಲಿ ಕೂರಬೇಕು. ಹಿಂದಿನವರು ಜೋಳ ತುಂಬಿಡಲು ತೋಡಿದ ಆ ನೆಲದ ಕಣಜ ಮನೆಯ ಅಂಗಳದಡಿ ಹಾಗೇ ಉಳಿದಿತ್ತು. ಒಳಗೆ ಒಬ್ಬರಿಗೆ ಜಾಗ, ಮುಚ್ಚಳ ಓರೆ ಮಾಡಿದರೆ ಒಬ್ಬರಿಗಾಗುವಷ್ಟು ಗಾಳಿ. ಉಸಿರು ಕಟ್ಟಿದಂತಾಗುತ್ತದೆ, ಹಳೆ ಜೋಳದ ಮುಗ್ಗಲು ಮೂಗಿಗೆ ಹತ್ತುತ್ತದೆ, ಆದರೆ ಜೀವ ಹೋಗುವುದಿಲ್ಲ.

ಮೊದಲ ಸರದಿ ಈರವ್ವ ತಾನೇ ಕೇಳಿ ತೆಗೆದುಕೊಂಡಳು. ಮರುದಿನ ಜಗದೇವಿ ಇಳಿದು, ಮೇಲೆ ಬಂದ ಮೇಲೆ ಯಾರೊಂದಿಗೂ ಮಾತಾಡದೆ ಪಾತ್ರೆ ಕುಕ್ಕಿದಳು. ಅದರ ಮರುದಿನ ಭಾನುವಾರ, ರಾಚಪ್ಪನ ಸರದಿ. ಅವನು ಬೆವರುಸಾಲೆ ಎದ್ದ ಕುತ್ತಿಗೆಯೊಂದಿಗೆ ಮೇಲೆ ಬಂದವನೇ ಮೊಬೈಲು ತೆಗೆದು ಐದೂ ವಿಳಾಸವನ್ನು ಕಾಯಂ ಮಾಡಿಬಿಟ್ಟ. ಅವ್ವನ ಸರದಿ ಬರುವವರೆಗೂ ವ್ಯವಸ್ಥೆ ಬಾಳಲಿಲ್ಲ. "ಜಗದೇವಿಗಿ ತಲಿಶೂಲಿ ಅದ, ಹಗೇವು ಆಕಿಗಿ ಒಗ್ಗಂಗಿಲ್ಲ" ಎಂದು ಕಾರಣ ಕೊಟ್ಟ. ಗಂಡಸರ ಬೆವರುಸಾಲೆಗೆ ಹೆಂಡತಿಯ ತಲೆಶೂಲೆಯಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ.

ಆಮೇಲೆ ದಿನವೂ ಈರವ್ವನೇ ಹಗೇವಿಗೆ ಇಳಿದಳು. ಊಟ ಹೊತ್ತು ಮುಳುಗಿದ ಮೇಲೆ. ತನ್ನ ಮನೆಯಲ್ಲಿ ಹತ್ತು ಮಂದಿಗೆ ರೊಟ್ಟಿ ಬಡಿದು ಹಾಕಿದ್ದವಳು ಇಲ್ಲಿ ಒಂದು ರೊಟ್ಟಿ ಮುರಿದು, ಸಾಕು ಎನ್ನುತ್ತಿದ್ದಳು. ಒಂದು ಸಂಜೆ ಅವ್ವನ ಬೆನ್ನಿಗೆ ಕೆನ್ನೆ ಇಟ್ಟು, "ಎಷ್ಟ ತಣ್ಣಗದ ಯವ್ವಾ" ಎಂದು ಕಣ್ಣು ಮುಚ್ಚಿದಳು. ಜಗದೇವಿ ಅದನ್ನು ನೋಡಿದಳು.

"ಅಕ್ಕೋರು ಅತ್ತಿ ಅಂಗಿ ಮ್ಯಾಲ ಕಣ್ಣ ಹಾಕ್ಯಾರ. ಮುದುಕಿ ಮಲಗಿದಾಗ ಎಳಕೊಂಡ್ರ ಏನ್ ಮಾಡ್ತೀರಿ?" ಎಂದು ಗಂಡನ ಕಿವಿಗೆ ಹಾಕಿದಳು.

ಚಂದಮ್ಮ ಸುಮ್ಮನಿರಲಿಲ್ಲ. "ರಾಚಾ, ನಂದು ಆಕಿ ಹೆಸರಿಗಿ ಬರದುಬಿಡು. ನಾ ಹಗೇವಿನಾಗ ಕುಂದರ್ತೀನಿ. ಸಣ್ಣಾಕಿದ್ದಾಗ ಅದರಾಗೇ ಆಡೀನಿ."

"ನೀ ಅಲ್ಲಿ ಸತ್ತುಗಿತ್ತು ಹ್ವಾದ್ರ ಮಂದಿ ನನಗೇನ್ ಅಂದಾರು?" ಎಂದು ರಾಚಪ್ಪ ಸಿಡುಕಿದ. "ಕೊಟ್ಟ ಹೆಣ್ಣು ಕುಲಕ್ಕ ಹೊರಗು. ಆಕಿ ಸಲುವಾಗಿ ಹಡೆದವ್ವನ ತಂಪು ಕಿತ್ತವ ಅನಿಸ್ಕೊಳ್ಲೇನು?"

ಅವ್ವ ಮಗನ ಮುಖವನ್ನೇ ನೋಡಿದಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಹೊರಗಿನ ಹೆಣ್ಣೇ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂತಲ್ಲ ಎನ್ನುವ ಸಂಕಟಕ್ಕೆ ಅವಳು ಹೇಳಲೇ ಇಲ್ಲ.

ಅಕ್ಕನನ್ನು ಕಳಿಸುವ ದಾರಿಯನ್ನೂ ಅವನು ಹುಡುಕಿದ. ಶಹಾಬಾದ್ ರಸ್ತೆಯ ತುದಿಯಲ್ಲಿ ಮಂಡಳಿಯದೇ ಒಂದು ಆಸರೆ ಶೆಡ್ಡು. ಮನೆಯಿಂದ ವಿಳಾಸ ಕಳೆದುಕೊಂಡವರಿಗೆ ಅಲ್ಲಿ ಹೊಸ ವಿಳಾಸ, ಎರಡು ಹೊತ್ತು ಅನ್ನ. ಬೆಳಿಗ್ಗೆ ಮಂಡಳಿಯ ವ್ಯಾನು ಬಂದು ಕರೆದೊಯ್ಯುತ್ತದೆ. ಹೆಸರು ಹಚ್ಚಿಸಲು ಶೆಡ್ಡಿನ ಹೊರಗೆ ಬಯಲಿನಲ್ಲಿ ಸಾಲು ನಿಲ್ಲಬೇಕು, ಸಾಲು ಮಧ್ಯಾಹ್ನ ದಾಟಿದರೂ ಕರಗುವುದಿಲ್ಲ ಎಂಬುದು ರಾಚಪ್ಪನಿಗೆ ಗೊತ್ತಿತ್ತು. ದಿನವೂ ನಕ್ಷೆಯ ಮೇಲೆ ನೋಡುತ್ತಿದ್ದವನಲ್ಲವೇ. ಆದರೂ, "ಒದ್ದಿ ದುಪ್ಪಟಿ ಹೊತಗೊಂಡು ಹೋಗು ಅಕ್ಕಾ, ಏನೂ ಆಗಂಗಿಲ್ಲ" ಎಂದ.

"ಆಗ್ಲಿ ತಮ್ಮಾ" ಎಂದಳು ಈರವ್ವ. "ನಿನಗ ತ್ರಾಸ ಆಯ್ತು."

ಚಂದಮ್ಮ ರೊಟ್ಟಿ ಮುರಿಯುತ್ತ ಕೇಳಿದಳು. "ರಾಚಾ, ಅಲ್ಲಿ ವಿಳಾಸ ಕೊಟ್ರಂದ್ರ, ಅಂಗಿಗಿ ಮೊದಲಿಂದು ಇದ್ರ ಏನಾಗ್ತದೋ?"

"ಒಂದ್ ಅಂಗಿಗಿ ಒಂದೇ ವಿಳಾಸವ್ವ. ಅಲ್ಲಿಂದು ಹತ್ತಿತಂದ್ರ ಮೊದಲಿಂದು ತಾನೇ ಬಿಡ್ತದ. ಬಿಟ್ಟಿದ್ದು ಹೊತ್ತು ಮುಳಗಿದ ಮ್ಯಾಲೆ ಮನಿಗಿ ವಾಪಸ್."

ಮುದುಕಿಗೆ ಇದೆಲ್ಲ ಯಾಕೆ ಬೇಕೆಂದು ಅವನಿಗೆ ಅನ್ನಿಸಲಿಲ್ಲ. ತನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಅವನಿಗೆ ಖುಷಿಯಾಗುತ್ತಿತ್ತು.

ಮರುದಿನ ಅವನು ವ್ಯಾನು ಬರುವ ಮೊದಲೇ ಕಚೇರಿಗೆ ಹೊರಟ. ಕಳಿಸಿಕೊಡುವ ಹೊತ್ತಿನ ಕಣ್ಣೀರು ಅವನಿಗೆ ಆಗುವುದಿಲ್ಲ.

ನಿಯಂತ್ರಣ ಕೊಠಡಿ ತಣ್ಣಗಿತ್ತು, ಅಲ್ಲಿ ಕೆಲಸದವರು ಹೆಗಲಿಗೆ ಶಾಲು ಹಾಕಿಕೊಂಡು ಕೂರುತ್ತಾರೆ. ಎದುರು ಗೋಡೆಯ ತುಂಬ ಊರಿನ ನಕ್ಷೆ, ಅದರ ಮೇಲೆ ಲಕ್ಷಾಂತರ ಹಸಿರು ಚುಕ್ಕೆ. ಪಕ್ಕದ ಕುರ್ಚಿಯ ನಸ್ರೀನ್ ಚಹಾ ಕುಡಿಯುತ್ತ, "ಇವತ್ತು ಶೆಡ್ಡಿನ ಸಾಲು ಭಾಳ ಉದ್ದ ಅದ ನೋಡ್ರಿ ಸರ್" ಎಂದಳು. ಹೊರಗಿನ ಶಾಖ ಆಗಲೇ ಐವತ್ತರ ಮೇಲಿತ್ತು.

ಮಧ್ಯಾಹ್ನದ ಹೊತ್ತಿಗೆ ರಾಚಪ್ಪ ಅಭ್ಯಾಸದಂತೆ ತನ್ನ ಮನೆಯ ಐದು ಚುಕ್ಕೆ ತೆಗೆದು ನೋಡಿದ. ಐದೂ ಹಸಿರು. ತಾನು ಇಲ್ಲಿ, ಮಕ್ಕಳು ಶಾಲೆಯಲ್ಲಿ, ಜಗದೇವಿ ಮನೆಯಲ್ಲಿ. ಚಂದಮ್ಮ ಎಂದು ಬರೆದ ಚುಕ್ಕೆ ಮಾತ್ರ ಶಹಾಬಾದ್ ರಸ್ತೆಯ ತುದಿಯಲ್ಲಿ, ಶೆಡ್ಡಿನ ಹೊರಗಿನ ಸಾಲಿನಲ್ಲಿ ನಿಂತಿತ್ತು.

ಅವನು ಮನೆಯ ರೌಟರಿನ ಪುಟ ತೆರೆದ. ಮನೆಯಲ್ಲಿ ಈರವ್ವನ ಕೆಂಪು ದೀಪದ ಅಂಗಿ ಇನ್ನೂ ವಿಳಾಸ ಕೇಳುತ್ತಲೇ ಇತ್ತು, ರೌಟರು ಇಲ್ಲವೆನ್ನುತ್ತಲೇ ಇತ್ತು. ಅಂದರೆ ಅವ್ವನ ಅಂಗಿ ಕಳಚಿಕೊಂಡು, ತನ್ನ ಸತ್ತ ಅಂಗಿ ಮುದುಕಿಯ ಮುಂದೆ ಬಿಸಾಡಿ ಅವಳು ಹೋಗಿದ್ದಾಳೆ. ಜಗದೇವಿ ಹೇಳಿದ್ದೇ ಖರೆಯಾಯಿತು. ಅವ್ವ ತಾನಾಗಿ ಕೊಟ್ಟಿರಬಹುದು ಎಂಬ ಯೋಚನೆಯೂ ಅವನ ತಲೆಯ ಬಾಗಿಲಿಗೆ ಬಂದು ನಿಂತಿತ್ತು. ಅದಕ್ಕೂ ಅವನು ವಿಳಾಸ ಕೊಡಲಿಲ್ಲ. ಅಕ್ಕನನ್ನು ಇಷ್ಟು ದಿನ ಕೂರಿಸಿದ ಹಗೇವು ಅವ್ವನಿಗೂ ಸಾಕಾದೀತೆಂದು ಅವನಿಗೆ ಹೊಳೆಯಲೂ ಇಲ್ಲ.

"ಕಳ್ಳಿ" ಎಂದು ಹಲ್ಲು ಕಡಿದ. ಚಂದಮ್ಮನ ಚುಕ್ಕೆಯ ಮೇಲೆ ಬೆರಳಿಟ್ಟು, ವಿಳಾಸ ಬಿಡಿಸು ಎಂಬುದನ್ನು ಒತ್ತಿದ. ಖಚಿತವೇ ಎಂದು ಯಂತ್ರ ಕೇಳಿತು. ಅದೂ ಒಂದು ಅವಕಾಶವೇ ಆಗಿತ್ತು. ಅವನು ಇನ್ನೊಮ್ಮೆ ಒತ್ತಿದ.

ಚುಕ್ಕೆ ಬೂದಿಯ ಬಣ್ಣಕ್ಕೆ ತಿರುಗಿತು. ಅದೇ ವಿಳಾಸವನ್ನು ಮನೆಯಲ್ಲಿರುವ ಅಂಗಿಗೆ ಬರೆಯಹೋದಾಗ ಪರದೆಯ ಮೇಲೆ ಅವನದೇ ನಿಯಮ ಕಚೇರಿಯ ಕನ್ನಡದಲ್ಲಿ ಮೂಡಿತು: ಈ ವಿಳಾಸ ಸೂರ್ಯಾಸ್ತದವರೆಗೆ ಯಾರಿಗೂ ಲಭ್ಯವಿಲ್ಲ.

ಆಗ ಅವನು ಮನೆಗೆ ಫೋನು ಹಚ್ಚಿದ. ಮೊದಲೇ ಹಚ್ಚಬೇಕಿತ್ತು ಎಂದು ಹೇಳುವುದು ಈಗ ಸುಲಭ.

"ಅವ್ವ ಎಲ್ಲಿದಾಳ? ಲಗೂನ ನೋಡು!"

ಜಗದೇವಿ ಕೋಣೆ ನೋಡಿದಳು, ಬಚ್ಚಲು ನೋಡಿದಳು, ಅಂಗಳಕ್ಕೆ ಬಂದಳು. ಹಗೇವಿನ ಮುಚ್ಚಳ ಓರೆಯಾಗಿತ್ತು. "ಇಲ್ಲೇ ಕುಂತಾರ್ರಿ. ಮೊರದ್ಲೆ ಗಾಳಿ ಹಾಕೋತ ಅರಾಮ ಅದಾರ. ತಗೋರಿ, ಮಾತಾಡ್ರಿ."

"ರಾಚಾ, ಸಿಟ್ಟಾಗಬ್ಯಾಡೋ" ಎಂದಳು ಚಂದಮ್ಮ. ಹಗೇವಿನೊಳಗಿಂದ ದನಿ ಗುಂಯ್‌ಗುಡುತ್ತಿತ್ತು. "ಹೆಣ್ಣುಮಗಳಿಗಿ ತವರಿಂದ ಬರೇ ಉಡಿಲೆ ಕಳಸಬಾರ್ದಪ್ಪ. ಅಕ್ಕಿ, ಕೊಬ್ಬರಿ, ಅರಿಶಿಣ ಹಾಕಿ ಉಡಿ ತುಂಬಿನಿ. ಕುಬಸದ ಖಣಾ ಇಡೋ ಜಾಗಾದಾಗ ನನ್ನ ಅಂಗಿ ಇಟ್ಟಿನಿ. ನಾನೇ ಲಾಡಿ ಬಿಗದಿನಿ. ಆಕಿ ಒಲ್ಲೆ ಅಂತಿದ್ಳು, ನಿನ್ನ ತಮ್ಮನೇ ಕೊಡಂತ ಹೇಳ್ಯಾನ ಅಂದಿನಿ. ಭಾಳ ಹಿಗ್ಗಿದ್ಳೋ ಯಪ್ಪಾ. ನನ್ನ ತಮ್ಮ ನನ್ನ ಮರ್ತಿಲ್ಲ ಅಂತ ಅಳಕೋತ ಹ್ವಾದ್ಳು."

ರಾಚಪ್ಪನ ಕಣ್ಣು ಬೂದಿ ಚುಕ್ಕೆಯ ಕಡೆ ಹೋಯಿತು. ಅವ್ವ ಹೇಳುತ್ತಲೇ ಇದ್ದಳು.

"ಆಕಿ ಹಳೆ ಅಂಗಿ ನಾ ಸಡಲಾಗಿ ಹಾಕ್ಕೊಂಡೀನಿ. ಅಲ್ಲಿ ಆಕಿಗಿ ಹೊಸಾದು ಸಿಕ್ರ ನಂದು ಸಂಜಿಕಿ ಇದಕ್ಕ ಬರ್ತದಲ್ಲ? ನೀನೇ ಹೇಳಿದ್ದಿ. ಈ ದೀಪ ಹಸರ ಆಯ್ತಂದ್ರ ನನ್ನ ಮಗಳು ಮುಟ್ಟಿದ್ಳಂತ ತಿಳಕೋತೀನಿ. ಅಲ್ಲಿತನಕ ಕಸಬರಿಗಿ ಮುಟ್ಟಬ್ಯಾಡಂತ ಜಗದೇವಿಗಿ ಹೇಳೀನಿ."

ಅವನು ಫೋನು ಇಟ್ಟ. ಬೂದಿ ಚುಕ್ಕೆಯನ್ನು ಮತ್ತೆ ಹಸಿರು ಮಾಡಲು ಬೆರಳು ಕುಟ್ಟಿದ. ಯಂತ್ರ ಅದೇ ಉತ್ತರ ಕೊಟ್ಟಿತು. ನಿರ್ದೇಶಕರಿಗೆ ಫೋನು ಮಾಡಿ ಅಂಗಲಾಚಿದ.

"ರಾಚಪ್ಪನವರೇ, ನಿಮ್ಮದೇ ನಿಯಮ ಅಲ್ಲವಾ?" ಎಂದರು ಅವರು, ಬೇಸರವಿಲ್ಲದ ದನಿಯಲ್ಲಿ. "ಕಿಂಡಿ ಬೇಡ ಅಂದವರು ನೀವೇ. ಈಗ ನಾನು ಬಯಸಿದರೂ ತೆರೆಯೋದಕ್ಕೆ ಏನೂ ಇಲ್ಲ. ಯಾಕೆ, ಯಾರದು?"

"ನಮ್ಮ ಮನಿದು ಸರ್."

"ಅಯ್ಯೋ" ಎಂದರು ನಿರ್ದೇಶಕರು. ನಿಜವಾಗಿಯೂ ಮರುಗಿದರು. ಮರುಗಿ, ಫೋನು ಇಟ್ಟರು.

ಶೆಡ್ಡಿನ ಗುಮಾಸ್ತ ಬಹಳ ಹೊತ್ತಿನ ಮೇಲೆ ಫೋನೆತ್ತಿದ.

"ಸಾಲಿನಾಗ ಒಬ್ಬಾಕಿ ಅದಾಳ, ಅಂಗಿ ಮ್ಯಾಲ ಚಂದಮ್ಮ ಅಂತದ. ಓಡಿ ಹೋಗಿ ಲಾಡಿ ಬಿಚ್ಚರಿ! ಮದಲ ಲಾಡಿ ಬಿಚ್ಚರಿ!"

ಗುಮಾಸ್ತ ಹೋದ. ಫೋನಿನಲ್ಲಿ ಗದ್ದಲ, ಯಾರೋ ಜಾಗಕ್ಕಾಗಿ ಜಗಳಾಡುವ ಸದ್ದು. ನಸ್ರೀನ್ ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಂತಳು.

"ಬಿದ್ದಾಳ್ರಿ ಸರ್" ಎಂದ ಗುಮಾಸ್ತ, ಮರಳಿ ಬಂದು. "ಲಾಡಿ ಈಗ ನಾನೇ ಕೊಯ್ದಿನಿ. ಉಪಯೋಗ ಇಲ್ರಿ. ಬಿಚ್ಚರಿ ಅಂತ ಭಾಳ ಸಲ ಕೇಳಿದ್ಳಂತ. ಸಾಲು ಬಿಟ್ಟು ಬಂದ್ರ ತಮ್ಮ ಪಾಳಿ ಹೋಗ್ತದಂತ ಯಾರೂ ಮುಂದ ಬಂದಿಲ್ಲ. ಎರಡೂ ಕೈಲೆ ಉಡಿ ಹಿಡಕೊಂಡಾಳ ನೋಡ್ರಿ, ಒಂದು ಕಾಳು ಚೆಲ್ಲಿಲ್ಲ. ಚಂದಮ್ಮ ಅಂತೇ ಬರಕೊಳ್ಲೇನ್ರಿ?"

ನಸ್ರೀನ್ ಅವನ ಭುಜ ಮುಟ್ಟಿದಳು. "ನಿಮ್ಮ ತಾಯೇನ್ರಿ ಸರ್?"

"ಅಲ್ಲ" ಎಂದ ರಾಚಪ್ಪ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು, ತಣ್ಣನೆಯ ಆ ಕೊಠಡಿಯಲ್ಲಿ, ಸಣ್ಣ ಮಗುವಿನಂತೆ ಅಕ್ಕಾ ಎಂದು ಅತ್ತ. ಅತ್ತದ್ದು ಸುಳ್ಳಲ್ಲ. ಆದರೆ ಗೋಡೆಯ ಮೇಲಿನ ಲಕ್ಷಾಂತರ ಹಸಿರು ಚುಕ್ಕೆಗಳಲ್ಲಿ ಒಂದೂ ಅದರಿಂದ ಅಲುಗಲಿಲ್ಲ.

ಅವನು ಮನೆ ಸೇರಿದಾಗ ಹೊತ್ತು ಕಂತುತ್ತಿತ್ತು. ಚಂದಮ್ಮ ಹಗೇವಿನಿಂದ ಮೇಲೆ ಬಂದು ಪಡಸಾಲೆಯ ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮೈಮೇಲೆ ಮಗಳ ಅಂಗಿ, ಎದೆಯಲ್ಲಿ ಕೆಂಪು ದೀಪ. ಅದರ ಮೇಲೆ ಕಣ್ಣಿಟ್ಟು, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಕಾಯುತ್ತಿದ್ದಳು. ಹೊಸ್ತಿಲ ಬಳಿ ಬೆಳಿಗ್ಗೆ ಉಡಿ ತುಂಬುವಾಗ ಬಿದ್ದ ನಾಲ್ಕು ಅಕ್ಕಿಕಾಳು, ಒಂದು ಚಿಟಿಕೆ ಅರಿಶಿಣ. ಜಗದೇವಿ ಮೂಲೆಯ ಕಸಬರಿಗೆಯನ್ನು ಮುಟ್ಟದೆ ಬಿಟ್ಟಿದ್ದಳು.

ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದ ರಾಚಪ್ಪ ಬಾಯಿ ತೆರೆದ. "ಯವ್ವಾ…"

"ತಡಿ, ಹೊತ್ತು ಮುಳಗ್ಲಾಕ ಬಂತು" ಎಂದಳು ಅವಳು, ದೀಪದಿಂದ ಕಣ್ಣು ಕೀಳದೆ.

ಗೋಡೆಯ ಮೇಲಿನ ರೌಟರು ಒಮ್ಮೆ ಮಿಣುಕಿತು. ಖಾಲಿಯಾದ ವಿಳಾಸವನ್ನು ಸಾಲಿನಲ್ಲಿ ಮುಂದೆ ನಿಂತಿದ್ದ ಅಂಗಿಗೆ ಕೊಟ್ಟಿತು. ಚಂದಮ್ಮನ ಎದೆಯ ದೀಪ ಹಸಿರಾಯಿತು, ಪಂಪು ಗುರ್ ಎಂದಿತು, ತಣ್ಣನೆಯ ದ್ರವ ನಳಿಕೆಗಳಲ್ಲಿ ಹರಿಯಿತು.

"ಮುಟ್ಟಿದ್ಳು!" ಮುದುಕಿ ಎರಡೂ ಕೈಯಿಂದ ಎದೆಯ ದೀಪವನ್ನು ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರಿತ್ತು. "ನೋಡೋ ರಾಚಾ, ನನ್ನ ಮಗಳು ಮುಟ್ಟಿದ್ಳು. ನೀ ಕೊಟ್ಟ ದಾರಿ, ನಿನಗ ಪುಣ್ಯ ಬರ್ಲಿ. ಜಗದೇವಿ, ಇನ್ನೇನು, ದೀಪಾ ಹಚ್ಚೋದ್ರೊಳಗ ಕಸ ಹೊಡದುಬಿಡವ್ವ."

ರಾಚಪ್ಪ ತೆರೆದ ಬಾಯಿ ಮುಚ್ಚಿದ. ಜಗದೇವಿ ಕಸಬರಿಗೆ ತೆಗೆದುಕೊಂಡು ಒಳಗಿನಿಂದ ಗುಡಿಸುತ್ತ ಬಂದಳು. ಹೊಸ್ತಿಲ ಹತ್ತಿರ ನಿಂತಿದ್ದ ಅವನ ಕಾಲಡಿ ಆ ಅಕ್ಕಿಕಾಳುಗಳಿದ್ದವು. "ಸರೀರಿ" ಎಂದಳು. ಅವನು ಒಂದು ಹೆಜ್ಜೆ ಸರಿದು ನಿಂತ.